ಎರಡು ದಿನ, ಒಂದು ದುರ್ಗ, ಒಂದು ಅಬ್ಬಿ

ಜೂನ್ ಮೂರನೇ ವಾರ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಟ್ಟಿ ಸುತ್ತಾಡತೊಡಗುತ್ತದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಡುವುದು. ಶನಿವಾರ ಕವಲೇದುರ್ಗ, ಕುಂದಾದ್ರಿ, ಜೋಗಿಗುಂಡಿ, ಆಗುಂಬೆಯ ಸೂರ್ಯಾಸ್ತ. ಭಾನುವಾರ ಸಿರಿಮನೆ ಜಲಪಾತ, ನಗರದ ಕೋಟೆ, ಕೊಡಚಾದ್ರಿ, ಹಿಡ್ಲುಮನೆ, ‘ಟೈಮ್ ಸಿಕ್ಕರೆ’ ಜೋಗ. ಸೋಮವಾರ ಬೆಳಿಗ್ಗೆ ಆಫೀಸು. ವರ್ಷ ವರ್ಷವೂ ಹೆಸರು ಒಂದೆರಡು ಬದಲಾಗುತ್ತವೆ, ಪಟ್ಟಿಯ ಉದ್ದ ಮಾತ್ರ ಕಡಿಮೆಯಾಗುವುದಿಲ್ಲ. ಸೂರ್ಯಾಸ್ತ ಎಂಬ ಒಂದು ಪದ ಸಾಕು, ಇದನ್ನು ಬರೆದವರು ಮಳೆಯನ್ನು ಲೆಕ್ಕಕ್ಕೇ ಹಿಡಿದಿಲ್ಲ ಅನ್ನುವುದಕ್ಕೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಸುರಿಯುವ ತಿಂಗಳಲ್ಲಿ ಸೂರ್ಯ ಯಾವ ಕಡೆ ಮುಳುಗಿದ ಅನ್ನುವುದು ಅಲ್ಲಿನವರಿಗೂ ಅಂದಾಜಿನ ಮಾತೇ.

ಜನವರಿಯಲ್ಲಾದರೆ ಈ ಪಟ್ಟಿಯನ್ನು ಏದುಸಿರು ಬಿಡುತ್ತಾ ಹೇಗೋ ಮುಗಿಸಬಹುದು. ಮಳೆಗಾಲದಲ್ಲಿ ಕಿಲೋಮೀಟರಿಗೆ ಬೆಲೆ ಇಲ್ಲ. ಬೆಲೆ ಇರುವುದು ಎರಡಕ್ಕೆ: ಹಗಲು ಎಷ್ಟು ಉಳಿದಿದೆ, ಹಳ್ಳದಲ್ಲಿ ನೀರು ಎಷ್ಟಿದೆ. ಹಾಗಾಗಿ ಮಳೆಗಾಲದ ಚಾರಣದ ಯೋಜನೆ ಅಂದರೆ ಕೂಡಿಸುವ ಲೆಕ್ಕಕ್ಕಿಂತ ಕಳೆಯುವ ಲೆಕ್ಕ. ಏನನ್ನು ಬಿಡಬೇಕು, ಯಾವ ಕ್ರಮದಲ್ಲಿ ಬಿಡಬೇಕು ಅನ್ನುವುದನ್ನು ಮನೆಯಲ್ಲಿ, ಒಣಬಟ್ಟೆಯಲ್ಲಿ, ಹೊಟ್ಟೆ ತುಂಬಿರುವಾಗ ತೀರ್ಮಾನಿಸಿ ಬರೆದಿಟ್ಟುಕೊಳ್ಳಬೇಕು. ಒದ್ದೆಯಾದ ಮನುಷ್ಯ ಒಳ್ಳೆಯ ತೀರ್ಮಾನ ಮಾಡುವುದಿಲ್ಲ.

ಅದು ಹೇಗಿರುತ್ತದೆ ಅನ್ನುವುದಕ್ಕೆ ಜುಲೈ ತಿಂಗಳ ಶನಿವಾರ ಮಧ್ಯಾಹ್ನ ಎರಡರ ಹೊತ್ತಿಗೆ ಬೆಟ್ಟದ ಮೇಲಿನ ಯಾವುದೇ ಕೋಟೆಯ ಹೆಬ್ಬಾಗಿಲಲ್ಲಿ ನಿಂತು ನೋಡಬೇಕು. ಬಾಗಿಲಿನ ಎರಡೂ ಬದಿಯ ಕಾವಲು ಜಗಲಿಗಳ ಮೇಲೆ ಹನ್ನೊಂದು ಜನ ಒತ್ತಿಕೊಂಡು ನಿಂತಿದ್ದಾರೆ. ಒಬ್ಬನ ಬೂಟಿನ ಅಟ್ಟೆ ಬಾಯಿ ಬಿಟ್ಟಿದೆ. ಜೀನ್ಸ್ ಹಾಕಿದವನೊಬ್ಬ ನಡುಗುತ್ತಿದ್ದಾನೆ, ಕೇಳಿದರೆ ‘ಏನಿಲ್ಲ ಏನಿಲ್ಲ’ ಅನ್ನುತ್ತಾನೆ. ಇಬ್ಬರು ಇಳಿಯೋಣ ಅನ್ನುತ್ತಾರೆ, ಮೂವರು ‘ಇಷ್ಟು ದೂರ ಬಂದು ತುದಿ ನೋಡದೆ ಹೋಗುವುದೇ’ ಅನ್ನುತ್ತಾರೆ, ಉಳಿದವರು ಫೋನು ಒರೆಸುತ್ತಿದ್ದಾರೆ. ಮಂಜು ಹತ್ತು ಹೆಜ್ಜೆ ಆಚೆಗೆ ಏನನ್ನೂ ಕಾಣಿಸುತ್ತಿಲ್ಲ. ಇಪ್ಪತ್ತು ನಿಮಿಷ ಚರ್ಚೆ ನಡೆದು, ಕೊನೆಗೆ ಯಾರೋ ಒಬ್ಬರು ಮೇಲೆ ನಡೆಯುತ್ತಾರೆ, ಉಳಿದವರು ಹಿಂದೆ ಹೋಗುತ್ತಾರೆ. ಇದು ತೀರ್ಮಾನ ಅಲ್ಲ, ಎಳೆದುಕೊಂಡು ಹೋದದ್ದು. ‘ಎರಡು ಗಂಟೆಗೆ ಎಲ್ಲಿದ್ದರೂ ವಾಪಸ್’ ಎಂದು ಗುರುವಾರವೇ ಎಲ್ಲರೂ ಒಪ್ಪಿದ್ದರೆ ಆ ಇಪ್ಪತ್ತು ನಿಮಿಷವೂ ಉಳಿಯುತ್ತಿತ್ತು, ಮನಸ್ತಾಪವೂ ಆಗುತ್ತಿರಲಿಲ್ಲ.

ವಾರವನ್ನು ಆರಿಸುವುದು

ಮಳೆ ನಕ್ಷತ್ರಗಳ ಪಂಚಾಂಗ ಇದಕ್ಕೆ ಈಗಲೂ ಅನುಕೂಲ. ಜೂನ್ ಕೊನೆಯ ಆರಿದ್ರಾದಲ್ಲಿ ಹಳ್ಳಗಳು ಇನ್ನೂ ಕೆಸರು ತೊಳೆದುಕೊಳ್ಳುತ್ತಿರುತ್ತವೆ, ಜಲಪಾತಗಳಿಗೆ ಮೈ ಬಂದಿರುವುದಿಲ್ಲ. ಜುಲೈನ ಪುನರ್ವಸು ಮತ್ತು ಪುಷ್ಯ, ಆಗಸ್ಟ್ ಮೊದಲಿನ ಆಶ್ಲೇಷ, ಇವು ಮಲೆನಾಡಿನ ನಿಜವಾದ ಮಳೆ. ಭೂಕುಸಿತ, ರಸ್ತೆ ಬಂದ್, ಜಿಲ್ಲಾಡಳಿತದ ನಿಷೇಧಾಜ್ಞೆ ಎಲ್ಲವೂ ಹೆಚ್ಚಾಗಿ ಈ ಆರು ವಾರಗಳಲ್ಲೇ. ಆಗಸ್ಟ್ ಮಧ್ಯದ ಮಘೆಯಿಂದ ಸೆಪ್ಟೆಂಬರಿನ ಹುಬ್ಬೆ, ಉತ್ತರೆವರೆಗೆ ಮಳೆ ಬಿಟ್ಟು ಬಿಟ್ಟು ಬರುತ್ತದೆ. ನಡುನಡುವೆ ಹೊಳವಾಗುತ್ತದೆ, ಹಳ್ಳದ ನೀರು ತಿಳಿಯಾಗಿರುತ್ತದೆ, ಅಬ್ಬಿಗಳು, ಅಂದರೆ ಜಲಪಾತಗಳು, ಇನ್ನೂ ತುಂಬಿರುತ್ತವೆ. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಈ ವಾರಗಳೇ. ಜುಲೈನಲ್ಲೇ ಹೋಗಬೇಕೆಂಬ ಹಟ ಇದ್ದರೆ ಕಾಡೊಳಗೆ ನುಗ್ಗದೆ, ರಸ್ತೆಗೆ ಹತ್ತಿರದ ಕೋಟೆ ನೋಡಿಕೊಂಡು ಬರುವುದು ಮೇಲು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಮೀ ಮುಟ್ಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ. ಈ ಅಂಕಿಗಳನ್ನು ಘಟ್ಟದಲ್ಲಿ ಸ್ವಲ್ಪ ಬೇರೆ ರೀತಿ ಓದಬೇಕು. ಘಟ್ಟದ ತಲೆಯಲ್ಲಿರುವ ಊರುಗಳಿಗೆ ಜುಲೈನಲ್ಲಿ ಎಪ್ಪತ್ತು ಮಿಲಿಮೀಟರ್ ಅಂದರೆ ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಹಿಂದಿನ ಮೂರು ದಿನ ಬಿಡದೆ ಸುರಿದು ನಾಲ್ಕನೇ ದಿನ ಅದೇ ಎಪ್ಪತ್ತು ಬಿದ್ದರೆ ಮಣ್ಣಿಗೆ ಹೀರುವ ಶಕ್ತಿಯೇ ಉಳಿದಿರುವುದಿಲ್ಲ, ಬಿದ್ದದ್ದೆಲ್ಲ ನೇರ ಹಳ್ಳಕ್ಕೆ. ಆದ್ದರಿಂದ ನಾಳೆಯ ಮುನ್ಸೂಚನೆಯಷ್ಟೇ ನಿನ್ನೆ ಮೊನ್ನೆಯ ಒಟ್ಟು ಮಳೆಯೂ ಮುಖ್ಯ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿವಾರು ಮಳೆ ಅಂಕಿಗಳನ್ನು ಕೊಡುತ್ತದೆ. ಅದರ ‘ವರುಣಮಿತ್ರ’ ಸಹಾಯವಾಣಿಯೂ ಇದೆ. ಗುರುವಾರ ಸಂಜೆ ಅವನ್ನು ನೋಡಿ ತೀರ್ಮಾನಿಸಬೇಕು. ಹತ್ತು ದಿನ ಮುಂಚಿನ ಮುನ್ಸೂಚನೆ ನೋಡಿ ಖುಷಿಪಡುವುದೂ ಬೇಸರಪಡುವುದೂ ವ್ಯರ್ಥ. ನಾನು ಸರಿ ಎಂದುಕೊಂಡಿರುವ ನಿಯಮ ಸರಳ: ಕಿತ್ತಳೆ ಎಚ್ಚರಿಕೆ ಇದ್ದರೆ ಚಾರಣ ಬಿಟ್ಟು ವಾಹನ ಹೋಗುವ ಜಾಗ ಮಾತ್ರ, ಕೆಂಪು ಇದ್ದರೆ ಮನೆಯಲ್ಲೇ. ಇದಕ್ಕೆ ಹೊಂದುವಂತೆ ಹಿಂದಿನ ದಿನವೂ ರದ್ದು ಮಾಡಬಹುದಾದ ಕಡೆ ವಸತಿ ಕಾಯ್ದಿರಿಸಬೇಕು. ಪೂರ್ತಿ ಮುಂಗಡ ಕೊಟ್ಟವರು ಕೆಂಪು ಎಚ್ಚರಿಕೆಯಲ್ಲೂ ಹೊರಡುತ್ತಾರೆ. ದುಡ್ಡು ಹಾಗೆ ಎಳೆಯುತ್ತದೆ.

ಅನುಮತಿಯ ವಿಷಯ ಬೇಗ ಮುಗಿಸುತ್ತೇನೆ. ಅರಣ್ಯ ಇಲಾಖೆಯ ಚಾರಣ ಪಥಗಳಿಗೆ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಬೇಕು. ವನ್ಯಜೀವಿ ಧಾಮ, ರಾಷ್ಟ್ರೀಯ ಉದ್ಯಾನದ ಒಳಗಿನ ದಾರಿಗಳು ಮಳೆಗಾಲದಲ್ಲಿ ಮುಚ್ಚಿರುವುದೇ ಹೆಚ್ಚು. ಕುಮಾರ ಪರ್ವತವನ್ನು ಮಳೆಗಾಲದ ಪಟ್ಟಿಯಲ್ಲಿ ಬರೆಯುವುದೇ ಬೇಡ. ‘ಒಳದಾರಿ ಗೊತ್ತಿದೆ, ಯಾರೂ ಕೇಳೋದಿಲ್ಲ’ ಅನ್ನುವವರನ್ನು ನಂಬಿ ಹೋದರೆ ಸಿಕ್ಕಿಬಿದ್ದಾಗ ದಂಡ, ಬಿದ್ದು ಕಾಲು ಮುರಿದಾಗ ಎಲ್ಲಿದ್ದೀರೆಂದು ಯಾರಿಗೂ ಗೊತ್ತಿಲ್ಲದ ಸ್ಥಿತಿ. ಹಾಗೆಯೇ ಸಕಲೇಶಪುರದಿಂದ ಎಡಕುಮೇರಿಗೆ ರೈಲು ಹಳಿಯ ಮೇಲೆ ನಡೆಯುವುದು ಈಗಲೂ ಕೆಲವು ಪಟ್ಟಿಗಳಲ್ಲಿ ನುಸುಳುತ್ತದೆ. ಅದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಕಾನೂನು ಹಾಗಿರಲಿ, ಸುರಂಗದ ನಡುವೆ ನಿಂತಾಗ ಮಳೆಯ ಸದ್ದಿನಲ್ಲಿ ರೈಲಿನ ಸದ್ದು ಕೇಳುವುದಿಲ್ಲ.

ಘಾಟಿ ಇಳಿಯದ ನಕ್ಷೆ

ಎರಡೇ ದಿನದ ಪ್ರವಾಸಕ್ಕೆ ಒಂದು ಗೆರೆ ಎಳೆದುಕೊಳ್ಳುವುದು ಒಳ್ಳೆಯದು: ಘಟ್ಟದ ಮೇಲಿದ್ದರೆ ಮೇಲೇ, ಕೆಳಗಿದ್ದರೆ ಕೆಳಗೇ. ಆಗುಂಬೆ, ಚಾರ್ಮಾಡಿ, ಶಿರಾಡಿ, ಹುಲಿಕಲ್, ಯಾವ ಘಾಟಿಯೂ ಜುಲೈ ಆಗಸ್ಟಿನಲ್ಲಿ ‘ತೆರೆದೇ ಇರುತ್ತದೆ’ ಎಂದು ನಂಬುವ ಹಾಗಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿಯಿತು. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ಹೆದ್ದಾರಿ, ಎಡಕುಮೇರಿ ಕಡೆ ರೈಲು ಹಳಿ, ಎರಡೂ ಒಂದೇ ತಿಂಗಳಲ್ಲಿ ಕೈಕೊಟ್ಟವು. ಶನಿವಾರ ಘಾಟಿ ಇಳಿದು ಭಾನುವಾರ ಹತ್ತುವ ಯೋಜನೆ ಮಾಡಿದವರು ಒಂದು ಗುಡ್ಡ ಜಾರಿದರೆ ನೂರೈವತ್ತು ಕಿಲೋಮೀಟರ್ ಸುತ್ತಿ ಬರಬೇಕು, ಅದೂ ನಿದ್ದೆಗೆಟ್ಟ ರಾತ್ರಿಯಲ್ಲಿ. ಮಳೆಗಾಲದ ಚಾರಣದಲ್ಲಿ ಅತ್ಯಂತ ಅಪಾಯದ ಭಾಗ ಬೆಟ್ಟದ ಮೇಲಿಲ್ಲ, ಭಾನುವಾರ ರಾತ್ರಿಯ ಡ್ರೈವಿಂಗಿನಲ್ಲಿದೆ ಎಂದೇ ನನ್ನ ಅಂದಾಜು. ಬೆಟ್ಟ ಹತ್ತಿ ದಣಿದವನ ಕೈಗೆ ಸ್ಟೇರಿಂಗ್ ಕೊಡಬಾರದು. ಬಸ್ಸು, ರೈಲು ಅಥವಾ ಹಗಲು ನಿದ್ದೆ ಮಾಡಿದ ಚಾಲಕ.

ಈ ಗೆರೆಯೊಳಗೆ ಮಲೆನಾಡು ಧಾರಾಳವಾಗಿದೆ. ತೀರ್ಥಹಳ್ಳಿಯನ್ನು ನೆಲೆ ಮಾಡಿಕೊಂಡರೆ ಕವಲೇದುರ್ಗ ಇಪ್ಪತ್ತು ಕಿಲೋಮೀಟರಿನೊಳಗೆ, ಆಗುಂಬೆ ಮೂವತ್ತು ಚಿಲ್ಲರೆ. ಸಕಲೇಶಪುರವಾದರೆ ಮಂಜರಾಬಾದ್ ಕೋಟೆ ಹೆದ್ದಾರಿ ಬದಿಯಲ್ಲೇ, 250ಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಮುಗಿಯಿತು. ಟಿಪ್ಪು ಕಾಲದ ಎಂಟು ಮೂಲೆಯ ನಕ್ಷತ್ರ ಅದು, 1792ರಲ್ಲಿ ಮುಗಿದದ್ದು. (ಆ ನಕ್ಷತ್ರ ಕಾಣುವುದು ಆಕಾಶದಿಂದ ಮಾತ್ರ. ಡ್ರೋನ್ ಚಿತ್ರ ನೋಡಿ ಬಂದವರು ಮಂಜಿನೊಳಗೆ ನಿಂತು ‘ಎಲ್ಲಿದೆ ನಕ್ಷತ್ರ’ ಎಂದು ಹುಡುಕುವುದುಂಟು. ಕಾಲಡಿಯ ಗೋಡೆ ಮತ್ತೆ ಮತ್ತೆ ಒಳಗೆ ಹೊರಗೆ ಮುರಿಯುವುದನ್ನು ಹಿಂಬಾಲಿಸಿ ನಡೆದರೆ ತಿಳಿಯುತ್ತದೆ.) ನಡೆಯುವ ಹುಮ್ಮಸ್ಸಿದ್ದವರಿಗೆ ಬಲ್ಲಾಳರಾಯನ ದುರ್ಗ, ಅದರ ಪಕ್ಕದ ಬಂಡಾಜೆ ಅರ್ಬಿ ಜಲಪಾತ. ಆದರೆ ಅದು ಬಯಲು ಹುಲ್ಲುಗಾವಲು. ಗಾಳಿ ಅಡ್ಡಕ್ಕೆ ಬೀಸಿ ಮಳೆ ಮುಖಕ್ಕೆ ಹೊಡೆಯುತ್ತದೆ, ಮಂಜಿನಲ್ಲಿ ದಾರಿ ಕವಲೊಡೆದದ್ದು ಗೊತ್ತಾಗುವುದಿಲ್ಲ. ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಮಳೆಗಾಲದಲ್ಲಿ ಅಲ್ಲಿಗೆ ಹೋಗುವುದು ಬೇಡ.

ಗಂಟೆಗಳ ಲೆಕ್ಕ

ನಡಿಗೆಯ ಸಮಯಕ್ಕೆ ಹಳೆಯ ಸೂತ್ರ ಒಂದಿದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಹೇಳಿದ್ದು: ಮೂರು ಮೈಲಿಗೆ ಒಂದು ಗಂಟೆ, ಜೊತೆಗೆ ಏರುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ. ನಮ್ಮ ಅಳತೆಯಲ್ಲಿ ಸುಮಾರು ಐದು ಕಿಲೋಮೀಟರ್, 600 ಮೀಟರ್. ಅದು ಒಣ ದಾರಿಯಲ್ಲಿ, ಗಟ್ಟಿಯಾದವರಿಗೆ. ಮಳೆಗೆ ಅದನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ. ಆರು ಕಿಲೋಮೀಟರ್ ದಾರಿ, 600 ಮೀಟರ್ ಏರು ಅಂದುಕೊಳ್ಳೋಣ. ಸೂತ್ರದ ಪ್ರಕಾರ 2 ಗಂಟೆ 12 ನಿಮಿಷ, ಮಳೆಯಲ್ಲಿ 3 ಗಂಟೆ 20 ನಿಮಿಷ. ಇಳಿಯುವಾಗ ಬೇಗ ಆಗುತ್ತದೆ ಅಂದುಕೊಳ್ಳುವುದು ತಪ್ಪು. ಜಾರುವ ಇಳಿಜಾರಿನಲ್ಲಿ ಹೆಜ್ಜೆ ಹುಡುಕಿ ಇಡಬೇಕಾಗುವುದರಿಂದ ಮೂರು ಗಂಟೆ ಹಿಡಿಯಿರಿ. ನಿಲ್ಲುವುದು, ತಿನ್ನುವುದು, ಉಂಬಳ (ಜಿಗಣೆ) ಕೀಳುವುದು ಸೇರಿ ಒಂದು ಗಂಟೆ. ಒಟ್ಟು ಏಳು ಗಂಟೆ ಇಪ್ಪತ್ತು ನಿಮಿಷ. ಬೆಳಿಗ್ಗೆ ಏಳಕ್ಕೆ ಹೊರಟರೆ ಎರಡೂವರೆಗೆ ಕೆಳಗೆ. ರಾತ್ರಿ ಬಸ್ಸಿಳಿದು, ಸ್ನಾನ ತಿಂಡಿ ಮುಗಿಸಿ ಒಂಬತ್ತೂವರೆಗೆ ಹೊರಟರೆ ಐದು.

ಐದು ಗಂಟೆ ಅಂದರೆ ಹಗಲೇ ಅಲ್ಲವೇ ಅನಿಸಬಹುದು. ಜುಲೈನಲ್ಲಿ ಮಲೆನಾಡಿನಲ್ಲಿ ಸೂರ್ಯ ಮುಳುಗುವುದು ಏಳರ ಹೊತ್ತಿಗೆ, ಪಂಚಾಂಗದಲ್ಲಿ. ಮೋಡ ಕವಿದ ಕಾಡಿನ ನೆಲದ ಮೇಲೆ ಐದೂವರೆಗೇ ಬೇರು ಯಾವುದು, ಕಲ್ಲು ಯಾವುದು ತಿಳಿಯುವುದಿಲ್ಲ. ಆದ್ದರಿಂದ ಟಾರ್ಚ್ ‘ಬೇಕಾದರೆ ಇರಲಿ’ ಅನ್ನುವ ವಸ್ತುವಲ್ಲ, ತಲೆಗೆ ಒಂದೊಂದು ಬೇಕು, ಫೋನಿನ ಬೆಳಕು ಲೆಕ್ಕಕ್ಕಿಲ್ಲ. ಮಂಜಿನಲ್ಲಿ ಹಣೆಗೆ ಕಟ್ಟಿದ ಟಾರ್ಚಿನ ಬೆಳಕು ಕಣ್ಣಿನ ಮುಂದೆಯೇ ಬಿಳಿ ಗೋಡೆಯಾಗಿ ನಿಲ್ಲುತ್ತದೆ. ಅದನ್ನು ಬಿಚ್ಚಿ ಸೊಂಟದ ಮಟ್ಟದಲ್ಲಿ ಕೈಯಲ್ಲಿ ಹಿಡಿದರೆ ನೆಲ ಕಾಣುತ್ತದೆ.

ಹಳ್ಳ ದಾಟುವ ಮುಂಚೆ

ಅಬ್ಬಿಗೆ ಹೋಗುವ ದಾರಿಯಲ್ಲಿ ಹಳ್ಳ ಇದ್ದೇ ಇರುತ್ತದೆ. ಅಬ್ಬಿ ಅಂದರೆ ಬಿದ್ದ ಹಳ್ಳವೇ ತಾನೇ. ಬೆಳಿಗ್ಗೆ ಎಂಟಕ್ಕೆ ಹೋಗುವಾಗ ಪಾದ ಮುಳುಗುವಷ್ಟು ನೀರು, ತಳದ ಹರಳುಗಳು ಎಣಿಸುವ ಹಾಗೆ ಕಾಣುತ್ತವೆ. ಅಬ್ಬಿಯ ಹತ್ತಿರ ಒಂದು ಗಂಟೆ ಕಳೆಯುವಾಗ ಅಲ್ಲಿ ಮಳೆಯೇ ಇಲ್ಲ. ಆದರೆ ಮೇಲಿನ ಗುಡ್ಡದ ನೆತ್ತಿಯಲ್ಲಿ ಕಪ್ಪು ಕಟ್ಟಿ ಸುರಿದು ಹೋಗಿದೆ. ಎರಡು ಗಂಟೆಗೆ ವಾಪಸ್ ಬಂದರೆ ಅದೇ ಹಳ್ಳ ಚಹಾದ ಬಣ್ಣಕ್ಕೆ ತಿರುಗಿದೆ, ತರಗೆಲೆ ಕಡ್ಡಿಗಳನ್ನು ಹೊತ್ತು ಓಡುತ್ತಿದೆ, ಬೆಳಿಗ್ಗೆ ಕಾಲಿಟ್ಟು ದಾಟಿದ ಮೂರು ಕಲ್ಲುಗಳಲ್ಲಿ ಒಂದೂ ಕಾಣುತ್ತಿಲ್ಲ. ಈ ಬದಲಾವಣೆಗೆ ಅರ್ಧ ಗಂಟೆ ಸಾಕು. ಮಳೆ ಇಲ್ಲದಾಗಲೂ ನೀರಿನ ಬಣ್ಣ ಕೆಂಪಾಗುವುದು, ಹಸಿ ಎಲೆ ತೇಲಿ ಬರುವುದು, ಸದ್ದು ದಪ್ಪವಾಗುವುದು, ಈ ಮೂರರಲ್ಲಿ ಯಾವುದು ಕಂಡರೂ ಇದ್ದ ಜಾಗ ಬಿಟ್ಟು ದಡದ ಮೇಲಕ್ಕೆ ಬರಬೇಕು.

ದಾಟಬೇಕೋ ಬೇಡವೋ ಅನ್ನುವುದಕ್ಕೆ ಅಳತೆ ಆಳ ಒಂದೇ ಅಲ್ಲ, ವೇಗವೂ ಹೌದು. ವೇಗ ಎರಡು ಪಟ್ಟಾದರೆ ಕಾಲಿನ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟು. ರಭಸವಿದ್ದರೆ ಹದಿನೈದು ಸೆಂಟಿಮೀಟರ್ ನೀರೂ ದೊಡ್ಡವರ ಕಾಲು ತಪ್ಪಿಸಬಲ್ಲದು. ಒಂದು ಕಡ್ಡಿ ಎಸೆದು ದಡದಲ್ಲಿ ಅದರ ಜೊತೆ ಮಾಮೂಲಿ ನಡಿಗೆಯಲ್ಲಿ ನಡೆಯಿರಿ. ಕಡ್ಡಿ ನಿಮ್ಮನ್ನು ಹಿಂದೆ ಹಾಕಿದರೆ ದಾಟಬೇಡಿ. ನೀರು ಮೊಣಕಾಲು ಮೀರಿದರೆ, ಅಥವಾ ತಳ ಕಾಣದಿದ್ದರೆ, ಆಗಲೂ ಬೇಡ. ದಾಟುವುದಾದರೆ ಹಳ್ಳ ಅಗಲವಾಗಿ ಹರಡಿದ ಕಡೆ. ಕಿರಿದಾದ ಕಡೆ ಹಾರಿ ಹೋಗಬಹುದು ಅನಿಸುತ್ತದೆ, ಆದರೆ ಆಳವೂ ಸೆಳೆತವೂ ಅಲ್ಲೇ. ದಾಟುವ ಜಾಗದ ಕೆಳಗೆ ಏನಿದೆ ಎಂದು ಮೊದಲು ನಡೆದು ನೋಡಿ: ಅಡ್ಡ ಬಿದ್ದ ಮರವೋ ಇನ್ನೊಂದು ಅಬ್ಬಿಯೋ ಇದ್ದರೆ ಆ ಜಾಗ ಲಾಯಕ್ಕಿಲ್ಲ. ಬೂಟು ಬಿಚ್ಚಬಾರದು. ಚೀಲದ ಸೊಂಟದ ಪಟ್ಟಿ ಬಿಚ್ಚಿರಬೇಕು, ಬಿದ್ದರೆ ಚೀಲ ಬಿಟ್ಟುಬಿಡಲು. ನೀರು ಬರುವ ದಿಕ್ಕಿಗೆ ಮುಖ ಮಾಡಿ, ಗಟ್ಟಿ ಕೋಲನ್ನು ಮುಂದೆ ಊರಿ, ಒಂದು ಸಲಕ್ಕೆ ಒಂದನ್ನೇ, ಕೋಲು ಅಥವಾ ಕಾಲು, ಸರಿಸುತ್ತಾ ಅಡ್ಡಕ್ಕೆ ಹೋಗಬೇಕು. ಮೂವರಿದ್ದರೆ ಒಬ್ಬರನ್ನೊಬ್ಬರು ತೋಳು ಹಿಡಿದು ಒಟ್ಟಿಗೆ. ಹಗ್ಗವನ್ನು ಮೈಗೆ ಕಟ್ಟಿಕೊಂಡು ದಾಟುವುದು ಸಿನಿಮಾದಲ್ಲಿ ಚೆಂದ. ನಿಜದಲ್ಲಿ ಬಿದ್ದವನನ್ನು ಹಗ್ಗ ನೀರಿನಡಿಯಲ್ಲೇ ಹಿಡಿದಿಡುತ್ತದೆ.

ದಾಟಲಾಗದಿದ್ದರೆ ಕಾಯುವುದು. ಚಿಕ್ಕ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ, ಮೇಲೆ ಮಳೆ ನಿಂತು ಒಂದೆರಡು ಗಂಟೆಯಲ್ಲಿ ದಾರಿ ಬಿಡುವುದುಂಟು. ಹೀಗೆ ಕಾಯಲು ಗಂಟೆಗಳು ಕೈಯಲ್ಲಿರಬೇಕು. ಎರಡು ಗಂಟೆಯ ವಾಪಸಾತಿಗೆ ಅರ್ಥ ಬರುವುದು ಇಲ್ಲಿ. ಯೋಜನೆಯ ಹೊತ್ತಿನಲ್ಲೇ ಕೇಳಬೇಕಾದ ಪ್ರಶ್ನೆಯೂ ಇದೇ: ಈ ದಾರಿಯಲ್ಲಿ ಸಂಕವಿಲ್ಲದ (ಕಾಲುಸೇತುವೆಯಿಲ್ಲದ) ಹಳ್ಳ ಎಷ್ಟಿವೆ? ಹೋಂಸ್ಟೇಯವರು, ಜೀಪಿನವರು, ಅರಣ್ಯ ರಕ್ಷಕರು ಯಾರಾದರೂ ಹೇಳುತ್ತಾರೆ. ಎರಡಕ್ಕಿಂತ ಹೆಚ್ಚಿದ್ದರೆ ಆ ದಾರಿಯನ್ನು ನವೆಂಬರಿಗೆ ಬಿಡಿ.

ಕೋಟೆ ಏಕೆ ಮೇಲು

ಮಳೆಗಾಲದ ಫೋಟೊಗಳಲ್ಲಿ ಜಲಪಾತಕ್ಕೇ ಮೊದಲ ಮರ್ಯಾದೆ. ಆದರೆ ಮಳೆಯಲ್ಲಿ ದಿನವಿಡೀ ಕಳೆಯಲು ಯೋಗ್ಯವಾದದ್ದು ಕೋಟೆ. ಕೋಟೆ ಕಟ್ಟಿದವರಿಗೆ ನೀರು ಮೊದಲ ಸಮಸ್ಯೆಯಾಗಿತ್ತು. ವರ್ಷದ ನಾಲ್ಕು ತಿಂಗಳು ಬೆಟ್ಟವನ್ನೇ ಕೊಚ್ಚುವ ಮಳೆ, ಉಳಿದ ತಿಂಗಳು ಬೆಟ್ಟದ ತುದಿಯಲ್ಲಿ ಕುಡಿಯಲು ನೀರಿಲ್ಲ. ಎರಡನ್ನೂ ಅವರು ಕಲ್ಲಿನಲ್ಲೇ ಬಗೆಹರಿಸಬೇಕಿತ್ತು. ಕೆಳದಿ ಅರಸರ ಕವಲೇದುರ್ಗವನ್ನು ಬೇಸಿಗೆಯಲ್ಲಿ ನೋಡಿದರೆ ಗೋಡೆ, ಬಾಗಿಲು, ಅರಮನೆಯ ತಳಪಾಯ, ದೇವಸ್ಥಾನ ಕಾಣುತ್ತವೆ. ಮಳೆಯಲ್ಲಿ ನೋಡಿದರೆ ನೀರಿನ ದಾರಿ ಕಾಣುತ್ತದೆ: ಹಾಸುಗಲ್ಲಿನ ಹಾದಿಯಲ್ಲಿ ನೀರು ಎಲ್ಲಿ ಬದಿಗೆ ಸರಿಯುತ್ತದೆ, ಯಾವ ಕೊಳ ತುಂಬಿದ ಮೇಲೆ ನೀರು ಎಲ್ಲಿಗೆ ಹೊರಳುತ್ತದೆ, ಎಲ್ಲಿ ಕಲ್ಲು ಕುಸಿದದ್ದರಿಂದ ಹರಿವು ದಾರಿ ತಪ್ಪಿ ಗೋಡೆಯ ಬುಡ ಕೊರೆಯುತ್ತಿದೆ. ಇದನ್ನು ಜನವರಿಯಲ್ಲಿ ಎಷ್ಟು ಹೊತ್ತು ನಿಂತರೂ ಕಾಣಲಾಗುವುದಿಲ್ಲ. ಒಂದರ ಮೇಲೊಂದು ಬರುವ ಬಾಗಿಲುಗಳಲ್ಲಿ ನಿಂತು ಮಳೆ ತಪ್ಪಿಸಿಕೊಳ್ಳಬಹುದು, ದಾರಿಯಲ್ಲಿ ದಾಟಲಾಗದ ಹಳ್ಳವಿಲ್ಲ, ಅರ್ಧಕ್ಕೆ ಹಿಂದಿರುಗಿದರೂ ನೋಡಿದ್ದಕ್ಕೆ ಮೋಸವಿಲ್ಲ. ಹತ್ತಿರದ ಬಿದನೂರು ಕೋಟೆಯೂ ಹಾಗೆಯೇ. ಹೈದರಾಲಿ 1763ರಲ್ಲಿ ಗೆದ್ದುಕೊಂಡ ಕೆಳದಿ ರಾಜಧಾನಿ ಈಗ ನಗರ ಎಂಬ ಹೆಸರಿನಲ್ಲಿ ರಸ್ತೆ ಬದಿಯಲ್ಲೇ ಇದೆ, ಒಂದು ಗಂಟೆ ಹೊಳವಾದರೂ ಸಾಕು.

ಕಲ್ಲಿನ ಮೇಲೆ ನಡೆಯುವುದಕ್ಕೂ ಒಂದು ಓದು ಬೇಕು. ಜಂಬಿಟ್ಟಿಗೆ ಕಲ್ಲು ತೂತು ತೂತಾಗಿ ಒರಟಾಗಿರುವುದರಿಂದ ಒದ್ದೆಯಾದರೂ ಹಿಡಿತ ಕೊಡುತ್ತದೆ. ಕರಿಗಲ್ಲಿನ ಹಾಸು, ಅದರಲ್ಲೂ ಜನರ ಕಾಲು ಬಿದ್ದು ನಯವಾದದ್ದು, ಅಪಾಯದ್ದು. ಕಣ್ಣಿಗೆ ಕಾಣುವ ಹಸಿರು ಪಾಚಿಗಿಂತ ಕಾಣದ ಕಪ್ಪು ಹಾವಸೆ ಹೆಚ್ಚು ಜಾರುತ್ತದೆ, ಅದು ಬರೀ ಒದ್ದೆ ಕಲ್ಲಿನ ಹಾಗೆಯೇ ಇರುತ್ತದೆ. ಕಲ್ಲುಗಳ ಸಂದಿಯಲ್ಲಿ ಹುಲ್ಲು ಹುಟ್ಟಿದ ಕಡೆ ಕಾಲಿಡಿ, ಇಳಿಯುವಾಗ ಹೆಜ್ಜೆ ಚಿಕ್ಕದಾಗಿರಲಿ, ಪೂರ್ತಿ ಪಾದ ಊರಿ. ಗೋಡೆಯ ತುದಿಯಲ್ಲಿ ನಡೆಯಬೇಡಿ. ಗಾರೆಯಿಲ್ಲದೆ ಜೋಡಿಸಿದ ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಉಬ್ಬಿದಾಗ ಹೊರಗಿನ ಕಲ್ಲು ಒಂದು ಕಾಲಿನ ಭಾರಕ್ಕೆ ಕಳಚುತ್ತದೆ. ಗೋಡೆ ಹೊಟ್ಟೆ ಬಿಟ್ಟಂತೆ ಕಂಡರೆ ಕೆಳಗೂ ನಿಲ್ಲಬಾರದು. ಎದೆ ಎತ್ತರ ಹುಲ್ಲು ಬೆಳೆದ ಕೋಟೆಯೊಳಗೆ ಅಂಚುಕಟ್ಟೆಯಿಲ್ಲದ ಬಾವಿ, ಕೊಳಗಳಿರುತ್ತವೆ, ಆದ್ದರಿಂದ ತುಳಿದ ದಾರಿ ಬಿಟ್ಟು ‘ಅಲ್ಲೇನಿದೆ’ ಎಂದು ನುಗ್ಗುವುದು ಸಲ್ಲ. ಕಲ್ಲುರಾಶಿಯ ಸಂದಿಗೆ ಕೈ ಹಾಕಿ ಹತ್ತುವುದೂ ಹಾಗೆಯೇ. ಮಳೆಗೆ ಒಣ ಜಾಗ ಹುಡುಕುವುದು ಮನುಷ್ಯರು ಮಾತ್ರವಲ್ಲ.

ಅಬ್ಬಿಯನ್ನು ನೋಡುವ ದೂರ

2023ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಶಿನಗುಂಡಿಯಲ್ಲಿ ಬಂಡೆಯ ಅಂಚಿನಲ್ಲಿ ನಿಂತ ಯುವಕ ಜಾರಿ ನೀರುಪಾಲಾದ ವಿಡಿಯೊ ಬಹುಶಃ ಎಲ್ಲರೂ ನೋಡಿದ್ದಾರೆ. ಅದನ್ನು ನೋಡಿ ‘ಅಜಾಗರೂಕತೆ’ ಎಂದು ಎಲ್ಲರೂ ಹೇಳಿದರು. ಆ ಬಂಡೆಯ ಮೇಲೆ ಅವನು ಕುಣಿಯುತ್ತಿರಲಿಲ್ಲ, ಓಡುತ್ತಿರಲಿಲ್ಲ, ಸುಮ್ಮನೆ ನಿಂತಿದ್ದ. ತುಂತುರು ಬೀಳುವ ಬಂಡೆಗೆ ಅಷ್ಟು ಸಾಕು. ಅಬ್ಬಿಯ ಸುತ್ತ ನೀರಿನ ಹನಿ ಸದಾ ಬೀಳುವ ಒಂದು ವಲಯವಿರುತ್ತದೆ, ಅಲ್ಲಿನ ಕಲ್ಲು ವರ್ಷವಿಡೀ ಒಣಗುವುದೇ ಇಲ್ಲ. ಕನ್ನಡಕದ ಮೇಲೆ ತುಂತುರು ಕೂರತೊಡಗಿದ ಜಾಗವೇ ಗಡಿ. ಬೀಳಿನ ನೆತ್ತಿಗೆ ಹೋಗುವುದಂತೂ ಬೇಡವೇ ಬೇಡ. ಬುಡದ ಗುಂಡಿಯಲ್ಲಿ ಮೇಲಿನಿಂದ ನೀರಿನ ಜೊತೆ ಕಲ್ಲು, ಕೊಂಬೆ ಬರುತ್ತವೆ. ಬಿಳಿ ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಈಜು ಬಲ್ಲವರೂ ತೇಲುವುದಿಲ್ಲ.

ಹಾಗಾಗಿ ದೂರದಿಂದ ನೋಡಬಹುದಾದ, ಮೆಟ್ಟಿಲೋ ಕಟಾಂಜನವೋ ಇರುವ ಅಬ್ಬಿಯನ್ನು ಆರಿಸಬೇಕು. ಶೃಂಗೇರಿ ಹತ್ತಿರ ಕಿಗ್ಗದ ಸಿರಿಮನೆ, 253 ಮೀಟರ್ ಧುಮುಕುವ ಜೋಗ, ಎರಡೂ ಇಂಥವು. ಜೋಗದಲ್ಲಿ ಬೇಕಾದದ್ದು ಧೈರ್ಯವಲ್ಲ, ತಾಳ್ಮೆ. ಕಣಿವೆ ಪೂರ್ತಿ ಮಂಜು ತುಂಬಿ ರಾಜಾ ರಾಣಿ ಯಾರೂ ಕಾಣದೆ ಬರೀ ಸದ್ದು ಕೇಳುವಾಗ ‘ಏನೂ ಇಲ್ಲ’ ಎಂದು ಹೊರಟುಬಿಡುತ್ತಾರೆ. ನಲವತ್ತು ನಿಮಿಷ ನಿಂತರೆ ಗಾಳಿ ತಿರುಗಿ ಎರಡು ನಿಮಿಷ ಪರದೆ ಸರಿಯುವುದುಂಟು. ದಿನಕ್ಕೆ ಐದು ಜಾಗ ಇಟ್ಟುಕೊಂಡವರಿಗೆ ಆ ನಲವತ್ತು ನಿಮಿಷ ಇರುವುದಿಲ್ಲ.

ಚೀಲದೊಳಗೆ, ಕಾಲಿನಲ್ಲಿ

ಚೀಲದ ಮೇಲೆ ಹಾಕುವ ಮಳೆಕವಚವನ್ನು ನಂಬಬಾರದು, ನೀರು ಬೆನ್ನಿನ ಕಡೆಯಿಂದ ಒಳಗಿಳಿಯುತ್ತದೆ. ಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಒಳಪದರವಾಗಿ ಇಟ್ಟು, ಬಾಯಿಯನ್ನು ತಿರುಚಿ ಮಡಚಿ ಕಟ್ಟಿದರೆ ಸಾಕು, ದುಬಾರಿ ಸಾಮಾನೇನೂ ಬೇಡ. ಚೀಲದಲ್ಲಿರುವುದಲ್ಲದೆ ಇನ್ನೊಂದು ಜೊತೆ ಒಣಬಟ್ಟೆ ವಾಹನದಲ್ಲೇ ಉಳಿಯಬೇಕು, ಏನೇ ಆದರೂ ಬೆಟ್ಟಕ್ಕೆ ತರಬಾರದು. ಜೀನ್ಸ್ ಮತ್ತು ಹತ್ತಿ ಬೇಡ, ಒದ್ದೆಯಾದರೆ ಮೈಯ ಬಿಸಿಯನ್ನು ಹೀರುತ್ತವೆ. ಹದಿನೆಂಟು ಇಪ್ಪತ್ತು ಡಿಗ್ರಿ ಚಳಿಯೇ ಎಂದು ನಗಬಹುದು, ಆದರೆ ಗಾಳಿ ಮತ್ತು ಒದ್ದೆ ಸೇರಿದರೆ ಅಷ್ಟೇ ಸಾಕು. ನಡುಕ, ತೊದಲು, ಎಡವುವುದು ಕಂಡರೆ ಆ ವ್ಯಕ್ತಿಯ ‘ಏನಿಲ್ಲ’ವನ್ನು ಕೇಳದೆ ಒಣಬಟ್ಟೆ, ಸಿಹಿ, ಇಳಿಯುವುದು, ಈ ಕ್ರಮದಲ್ಲಿ. ಕೊಡೆ ಕೋಟೆಗೆ ಸರಿ, ಹುಲ್ಲುಗಾವಲಿಗೆ ಅಲ್ಲ. (ಮಲೆನಾಡಿನ ಹಳೆಯ ಕಂಬಳಿಕೊಪ್ಪೆ ಮತ್ತು ಗೊರಬಿನ ಜಾಣತನ ಇಲ್ಲಿದೆ: ಎರಡೂ ಕೈ ಖಾಲಿ, ಒಳಗೆ ಗಾಳಿಯಾಡುತ್ತದೆ. ಪ್ಲಾಸ್ಟಿಕ್ ರೇನ್‌ಕೋಟಿನೊಳಗೆ ಬೆವರಿನಿಂದಲೇ ಒದ್ದೆಯಾಗುತ್ತೇವೆ.)

ಬೂಟಿನ ವಿಷಯದಲ್ಲಿ ನೀರು ಹೋಗದ ದುಬಾರಿ ಬೂಟಿಗಿಂತ ನೀರು ಹೊರಹೋಗುವ ಸಾದಾ ಜಾಲರಿ ಬೂಟೇ ಒಳ್ಳೆಯದು. ಮೇಲಿನಿಂದ ನೀರು ಹೊಕ್ಕರೆ ಮೊದಲನೆಯದು ಬಕೆಟ್. ಅಟ್ಟೆಯಲ್ಲಿ ಆಳವಾದ ಹಲ್ಲುಗಳಿರಬೇಕು. ಎರಡು ಮೂರು ವರ್ಷ ಅಟ್ಟದಲ್ಲಿದ್ದ ಬೂಟು ನೋಡಲು ಹೊಸದರಂತೆ ಇದ್ದರೂ ಅದರ ನೊರೆಯಂಥ ಪಾಲಿಯುರಿಥೇನ್ ಪದರ ತೇವಾಂಶಕ್ಕೆ ಒಳಗೊಳಗೇ ಸತ್ತಿರುತ್ತದೆ. ಹೆಬ್ಬಾಗಿಲಲ್ಲಿ ಬಾಯಿ ಬಿಟ್ಟ ಬೂಟು ಇದೇ. ಒಂದು ವಾರ ಮುಂಚೆ ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿ, ಪುಡಿ ಉದುರಿದರೆ ಬಿಸಾಡಿ. ಎರಡು ಮೀಟರ್ ನೈಲಾನ್ ದಾರ ಹೇಗೂ ಚೀಲದಲ್ಲಿರಲಿ.

ಉಂಬಳಕ್ಕೆ ಹೆದರಿ ಬರದವರು ಇದ್ದಾರೆ, ಅದು ಮಾಡುವ ತೊಂದರೆಗೆ ಹೋಲಿಸಿದರೆ ಆ ಹೆದರಿಕೆ ಜಾಸ್ತಿ. ಒತ್ತಾಗಿ ನೇಯ್ದ ಉದ್ದ ಕಾಲುಚೀಲದೊಳಗೆ ಪ್ಯಾಂಟ್ ತೂರಿಸಿ, ಮೇಲೆ ಬೇವಿನೆಣ್ಣೆಯಲ್ಲಿ ಕಲಸಿದ ಹೊಗೆಸೊಪ್ಪಿನ ಪುಡಿ ಸವರಿದರೆ ಬಹುಪಾಲು ನಿಲ್ಲುತ್ತವೆ. ಉಪ್ಪು ಮಳೆಯಲ್ಲಿ ಹತ್ತು ನಿಮಿಷದಲ್ಲಿ ತೊಳೆದುಹೋಗುತ್ತದೆ. ಹತ್ತಿದ್ದನ್ನು ಎಳೆಯದೆ, ಕಚ್ಚಿದ ಬಾಯಿಯ ಪಕ್ಕದಲ್ಲಿ ಉಗುರು ಅಡ್ಡ ಸರಿಸಿ ಬಿಡಿಸಿ. ಅದರ ಎಂಜಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಗಾಯ ಹರಿಯುತ್ತಲೇ ಇರುತ್ತದೆ, ಹತ್ತು ಹದಿನೈದು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ. ನಿಲ್ಲುವ ಜಾಗ ಆರಿಸುವಾಗ ತರಗೆಲೆಯ ಮೇಲಲ್ಲ, ಬಂಡೆಯ ಮೇಲೆ.

ತಲೆಗೆ ಎರಡು ಲೀಟರ್ ನೀರು ಕೆಳಗಿನಿಂದಲೇ ಹೊರಬೇಕು. ಮಳೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಸ್ನಾಯು ಹಿಡಿದಾಗಲೇ ಗೊತ್ತಾಗುವುದು. ಊಟದ ಡಬ್ಬಿ ಬಿಚ್ಚಿ ಕೂರಲು ಒಣ ಜಾಗ ಸಿಗುವುದಿಲ್ಲ, ನಿಂತೇ ತಿನ್ನುವ ಚಿಕ್ಕಿ, ಬಾಳೆಹಣ್ಣು, ಸುತ್ತಿದ ಚಪಾತಿ. ವಾಹನವನ್ನು ಹೊರಮುಖವಾಗಿ, ಗಟ್ಟಿ ನೆಲದ ಮೇಲೆ, ಮರದಡಿ ಅಲ್ಲದೆ ನಿಲ್ಲಿಸಿ. ಸಿಗ್ನಲ್ ಹೋಗುವ ಮುಂಚೆ ಮನೆಯಲ್ಲಿ ಒಬ್ಬರಿಗೆ ಸಂದೇಶ: ಯಾವ ದಾರಿ, ಎಷ್ಟು ಜನ, ಸಂಜೆ ಆರರೊಳಗೆ ಫೋನ್ ಬರದಿದ್ದರೆ ಏಳಕ್ಕೆ 112.

ಇಷ್ಟೆಲ್ಲ ಕಳೆದ ಮೇಲೆ ಆ ಪಟ್ಟಿ ಹೀಗೆ ಉಳಿಯುತ್ತದೆ. ಗುರುವಾರ ಸಂಜೆ ಮಳೆ ಅಂಕಿ ನೋಡುವುದು. ಶುಕ್ರವಾರ ರಾತ್ರಿ ತೀರ್ಥಹಳ್ಳಿ ಬಸ್ಸು. ಶನಿವಾರ ಎಂಟರಿಂದ ಮಧ್ಯಾಹ್ನದವರೆಗೆ ಕವಲೇದುರ್ಗ, ಎರಡಕ್ಕೆ ಎಲ್ಲಿದ್ದರೂ ವಾಪಸ್, ಹೊಳವಾಗಿದ್ದರೆ ಕುಂದಾದ್ರಿಗೆ ವಾಹನದಲ್ಲಿ, ಇಲ್ಲದಿದ್ದರೆ ಬಿಸಿನೀರು ಸ್ನಾನ, ಆಗುಂಬೆಯಲ್ಲಿ ನಿದ್ದೆ. ಭಾನುವಾರ ಬೆಳಿಗ್ಗೆ ಸಿರಿಮನೆ, ಶೃಂಗೇರಿಯಲ್ಲಿ ಊಟ, ಎರಡು ಗಂಟೆಗೆ ಹೊರಡುವುದು. ಜೋಗ ಸೆಪ್ಟೆಂಬರಿಗೆ.